ಮೀನು ಕೊನೆಗೆ ಬರಲಿ

ಅಂತಿಮ ಬಿ.ಎ. ತರಗತಿಯವರು ಬೀಳ್ಕೊಡುಗೆಯ ದಿನ ಕಾಲೇಜಿಗೆ ಏನಾದರೊಂದು ಕಾಣಿಕೆ ಕೊಟ್ಟುಹೋಗುವುದು ನಮ್ಮಲ್ಲಿ ನಡೆದುಬಂದ ರೂಢಿ. ಹಿಂದೊಮ್ಮೆ ಕೊಟ್ಟ ಗೋಡೆಯ ಗಡಿಯಾರವು ವಾಚನಾಲಯದಲ್ಲಿ ಈಗಲೂ ಇದೆ. ನಡೆಯುವುದಿಲ್ಲವೆಂಬುದೊಂದೇ ಅದರ ದೋಷ. ಈ ಸಲ ನಾವು ವಾಚನಾಲಯದ ಮೊಗಸಾಲೆಯಲ್ಲಿ ಒಂದು ಮೀನಿನ ತೊಟ್ಟಿಯನ್ನು ಇಡಬೇಕೆಂದು ನಿಶ್ಚಯಿಸಿದ್ದೇವೆ. ಸಮಾರಂಭದ ಹಿಂದಿನ ಸಂಜೆ ತೊಟ್ಟಿ ತಂದು, ನಲ್ಲಿಯ ನೀರು ತುಂಬಿ, ಬಣ್ಣದ ಕಲ್ಲು ಸುರಿದು, ಒಂದು ಡಜನ್ ಗೋಲ್ಡ್‌ಫಿಶ್ ಬಿಡುವುದೆಂದು ಏರ್ಪಾಡಾಗಿದೆ. ನನ್ನ ಪಾಲಿನ ಚಂದಾ ಹಣವನ್ನು ನಾನೂ ಸಂತೋಷದಿಂದಲೇ ಕೊಟ್ಟಿದ್ದೇನೆ. ಆದರೂ ಈ ಏರ್ಪಾಡಿಗೆ ನನ್ನ ಆಕ್ಷೇಪಣೆಯಿದೆ. ಗಡಿಯಾರ ನಿಂತರೆ ಅದಕ್ಕೆ ನೋವಿಲ್ಲ; ಮೀನಿನ ಮಾತು ಹಾಗಲ್ಲ.

ಎರಡು ವರ್ಷಗಳ ಹಿಂದೆ, ವಿದ್ಯಾರ್ಥಿವೇತನ ಕೈಸೇರಿದ ದಿನ, ಪೇಟೆಯಿಂದ ಒಂದು ಗಾಜಿನ ಬೋಗುಣಿಯನ್ನೂ ಎರಡು ಗೋಲ್ಡ್‌ಫಿಶ್‌ಗಳನ್ನೂ ಕೊಂಡು ತಂಗಿಗೆಂದು ಊರಿಗೆ ಒಯ್ದೆ. ಮನೆಯವರೆಲ್ಲ ಸುತ್ತ ಕುಳಿತು ನೋಡಿದರು. ಮೂರನೆಯ ದಿನ ನೀರು ಮಬ್ಬಾಯಿತು. ಐದನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿಬಾಯಿ ಬಿಡತೊಡಗಿದವು. ಒಂಬತ್ತನೆಯ ದಿನ ತಂಗಿ ಎರಡನ್ನೂ ಹಿತ್ತಲ ನುಗ್ಗೆಮರದ ಬುಡದಲ್ಲಿ ಹೂಳಿದಳು. ನಮ್ಮ ತಾತ ಊರ ಕೆರೆಯ ನೀರುಗಂಟಿಯಾಗಿದ್ದವರು. ತಂದೆಯೂ ತೂಬಿನ ಬಳಿಯೇ ಬೆಳೆದವರು. ಶಾಲೆಯನ್ನು ಹೆಚ್ಚು ಕಂಡವರಲ್ಲ. ಅವರು ನನ್ನನ್ನು ಬೈಯಲಿಲ್ಲ. "ಕೆರೆ ತುಂಬೋದು ನೀನೇ ನೋಡಿದ್ದೀಯಲ್ಲಪ್ಪ. ಮೊದ್ಲು ನೀರು, ಆಮೇಲೆ ಪಾಚಿ, ಜೊಂಡು. ಮೀನು ಕಟ್ಟಕಡೇಗೆ. ನೀನು ಕಡೇದನ್ನ ಮೊದ್ಲು ತಂದೆ" ಎಂದರು.

ಆ ಮಾತಿನ ಕಾರಣವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಮೀನು ಹೊರಹಾಕುವ ಕಶ್ಮಲದಿಂದಲೂ ಅದು ತಿನ್ನದೆ ಬಿಟ್ಟ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ; ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತವೆ. ಇದರ ಬಾಧೆ ಬಹಳ ಕಡಿಮೆ, ಮೇಲಾಗಿ ಗಿಡಗಳಿಗೆ ಇದು ಗೊಬ್ಬರ. ಈ ಸೂಕ್ಷ್ಮಾಣುಗಳು ಮರಳಿನ ಮೇಲೂ ಎಲೆಗಳ ಮೇಲೂ ನೆಲೆಯೂರಿ ಹೆಚ್ಚುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹೊಸ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿರಲಿ, ಅದರಲ್ಲಿ ಈ ಸಹಾಯಕರು ಇನ್ನೂ ಸಾಕಷ್ಟು ಇರುವುದಿಲ್ಲ. ನಾನು ನನ್ನ ಮೀನುಗಳನ್ನು ಬಿಟ್ಟದ್ದು ಅಂಥ ನೀರಿಗೆ.

ಇದು ಹೊಸ ಸಂಗತಿಯೇನೂ ಅಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಸುಮಾರು 12 ಗ್ಯಾಲನ್ ನೀರು ಹಿಡಿಯುವ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್‌ಗಳೊಡನೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಬೆಳೆಸಿದನು. ಉದುರಿದ ಎಲೆಗಳು ಕೊಳೆತು ನೀರು ಕೆಡತೊಡಗಿದಾಗ ಕೊಳದ ಬಸವನಹುಳುಗಳನ್ನು ತಂದುಬಿಟ್ಟನು. ಅವು ಕೊಳೆತುದನ್ನು ತಿಂದುವು, ನೀರು ತಿಳಿಯಾಯಿತು. ಈ ಪ್ರಯೋಗವನ್ನು ಅವನು 1850ರಲ್ಲಿ ಅಲ್ಲಿಯ ರಾಸಾಯನಿಕ ಸಂಘಕ್ಕೆ ವರದಿ ಮಾಡಿದನು. ಗಿಡವಿಲ್ಲದ ತೊಟ್ಟಿ ಅರೆತೊಟ್ಟಿಯೆಂಬುದು ಅಂದಿನಿಂದಲೇ ತಿಳಿದ ವಿಷಯ.

ಹಾಗಾದರೆ ನಮ್ಮ ತೊಟ್ಟಿಯನ್ನು ಹೇಗೆ ಯೋಜಿಸಬೇಕು? ನನ್ನ ಅಲ್ಪಮತಿಗೆ ತೋಚಿದುದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸಾಕು. ಅದು ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 55 ಕಿಲೋ ಆದುದರಿಂದ ಕಾಲು ಅಲುಗಾಡುವ ಮೇಜು ಕೂಡದು. ಬಿಸಿಲು ನೇರವಾಗಿ ಬೀಳುವ ಕಡೆ ಇಟ್ಟರೆ ಗಾಜೆಲ್ಲ ಪಾಚಿ ಕಟ್ಟುತ್ತದೆ. ನೆರಳಿನಲ್ಲಿಟ್ಟು ದಿನಕ್ಕೆ ಏಳು ಗಂಟೆ ಎಲ್‌ಇಡಿ ದೀಪ ಹಚ್ಚಿದರೆ ಸರಿ. ತಳದಲ್ಲಿ ಗೊಬ್ಬರ ಹಾಕದ ತೋಟದ ಮಣ್ಣನ್ನು ಜರಡಿ ಹಿಡಿದು ಒಂದು ಅಂಗುಲ ಹರಡಿ, ಅದರ ಮೇಲೆ ತೊಳೆದ ದಪ್ಪ ಮರಳನ್ನು ಅಷ್ಟೇ ದಪ್ಪಕ್ಕೆ ಹಾಕಬೇಕು. ಮರಳು ಹಿಂದೆ ಎತ್ತರವಾಗಿ ಮುಂದೆ ತಗ್ಗಾಗಿದ್ದರೆ ತೊಟ್ಟಿ ಆಳವಾಗಿ ಕಾಣುತ್ತದೆ. ಬಣ್ಣದ ಕಲ್ಲಿನ ಬದಲು ನಮ್ಮ ಊರಿನ ಕಲ್ಲೇ ಬರಲಿ. ವಿನೆಗರ್ ಹನಿಸಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿದು ಬಿಡಬೇಕು. ದೊಡ್ಡ ಕಲ್ಲನ್ನು ನಟ್ಟನಡುವೆ ಇಡದೆ ಒಂದು ಪಕ್ಕಕ್ಕೆ ಸರಿಸಿಡುವುದು ಚೆಂದ. ಹಿಂದುಗಡೆ ವ್ಯಾಲಿಸ್ನೇರಿಯಾ, ಕಲ್ಲಿನ ಮಗ್ಗುಲಲ್ಲಿ ಕ್ರಿಪ್ಟೊಕೊರೈನ್, ಮುಂದುಗಡೆ ಒಂದಿಷ್ಟು ಬರಿಯ ಮರಳು. ವ್ಯಾಲಿಸ್ನೇರಿಯಾ ನಮ್ಮ ಕೆರೆಗಳಲ್ಲೇ ಬೆಳೆಯುವ ಗಿಡ. ಕ್ರಿಪ್ಟೊಕೊರೈನ್‌ನ ಕೆಲವು ಜಾತಿಗಳು ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಹುಟ್ಟುವಂಥವು. ಮರಳಿನ ಮೇಲೊಂದು ತಟ್ಟೆಯಿಟ್ಟು, ಒಂದು ದಿನ ತೆರೆದಿಟ್ಟ ನೀರನ್ನು ಅದರ ಮೇಲೆ ನಿಧಾನವಾಗಿ ಸುರಿದರೆ ಮಣ್ಣು ಕದಡುವುದಿಲ್ಲ.

ಅನಂತರ ಕಾಯಬೇಕು. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿದರೆ ಅದು ಕೊಳೆತು ಸೂಕ್ಷ್ಮಾಣುಗಳಿಗೆ ಆಹಾರವಾಗುತ್ತದೆ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ದ್ರಾವಣದಿಂದ ನೋಡಿದಾಗ ಅಮೋನಿಯವೂ ನೈಟ್ರೈಟೂ ಸೊನ್ನೆಯೆಂದು ಕಂಡಮೇಲೆ ಮೀನು ತರಬಹುದು. ಗೋಲ್ಡ್‌ಫಿಶ್ ಬೇಡ; ಅದು ಅರ್ಧ ಅಡಿಗೂ ಮೀರಿ ಬೆಳೆಯುವ, ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ, ಗಿಡವನ್ನು ಕಿತ್ತು ಹಾಕುವ ಮೀನು. ಒಂದೂವರೆ ಅಂಗುಲದ ಜೀಬ್ರಾ ಮೀನು ನಮ್ಮ ದೇಶದ್ದೇ. ಮೊದಲು ನಾಲ್ಕು, ಎರಡು ವಾರದ ಮೇಲೆ ಇನ್ನು ನಾಲ್ಕು ತಂದರೆ ಸಾಕು. ಕೆಂಪು ಗೆರೆಯ ಡೆನಿಸನ್ ಬಾರ್ಬ್ ಬಲು ಸುಂದರವೆಂದು ಕೆಲವು ಮಿತ್ರರ ಸೂಚನೆ. ಅದು ಪಶ್ಚಿಮ ಘಟ್ಟದ ಹೊಳೆಗಳ ಮೀನು. ಅಲಂಕಾರಕ್ಕೆಂದು ಹಿಡಿದು ಮಾರಿದ್ದರಿಂದಲೂ ಅದರ ಸಂತತಿ ಕುಗ್ಗಿ, ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅದನ್ನು ಹೊಳೆಯಲ್ಲೇ ಬಿಡೋಣ. ಹಾಗೆಯೇ ತೊಟ್ಟಿಯ ಮೀನಾಗಲಿ ಗಿಡವಾಗಲಿ ನಮ್ಮ ಕೆರೆಗೆ ಹೋಗಕೂಡದು. ಗಾಜು ಉಜ್ಜುವುದೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆದಾಗ ಜನ ಅದನ್ನು ಕೆರೆಗೆ ಎಸೆಯುತ್ತಾರೆ. ತಮಿಳುನಾಡು, ಆಂಧ್ರಗಳ ನೀರಿನಲ್ಲಿ ಅದು ಈಗಾಗಲೇ ಹಬ್ಬಿದೆ.

"ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಈ ಗೊಡವೆ ಏಕೆ?" ಎಂದು ಗೆಳೆಯರೊಬ್ಬರು ನಕ್ಕರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಾನು ಇಲ್ಲಿ ಮೂರು ವರ್ಷ ಉಳಿದದ್ದು ನನ್ನೊಬ್ಬನ ಸಾಮರ್ಥ್ಯದಿಂದಲ್ಲ. ನಾನು ಬರುವ ಮುಂಚೆಯೇ ಯಾರೋ ವಿದ್ಯಾರ್ಥಿನಿಲಯ ಕಟ್ಟಿಸಿದ್ದರು, ವಿದ್ಯಾರ್ಥಿವೇತನ ಏರ್ಪಡಿಸಿದ್ದರು, ವಾಚನಾಲಯದಲ್ಲಿ ಪುಸ್ತಕ ಜೋಡಿಸಿದ್ದರು. ಅವರಲ್ಲಿ ಹೆಚ್ಚಿನವರು ನನ್ನ ಮುಖ ಕಂಡವರಲ್ಲ. ಇವೊಂದೂ ಇಲ್ಲದಲ್ಲಿಗೆ ಕರೆದು ಬಿಟ್ಟಿದ್ದರೆ ನಾನೂ ಬೋಗುಣಿಯ ಮೀನಿನಂತೆ ಕೆಲವು ದಿನ ಬಾಯಿಬಾಯಿ ಬಿಟ್ಟು ಊರಿಗೆ ಹಿಂದಿರುಗುತ್ತಿದ್ದೆನೇನೋ.

ಆದುದರಿಂದ ಸಹಪಾಠಿಗಳಲ್ಲಿಯೂ ಪೂಜ್ಯ ಅಧ್ಯಾಪಕರಲ್ಲಿಯೂ ನನ್ನ ಬಿನ್ನಹ ಇಷ್ಟು. ಬೀಳ್ಕೊಡುಗೆಯ ದಿನ ಮಣ್ಣು, ಮರಳು, ಗಿಡ, ನೀರು ಇಷ್ಟನ್ನೇ ಒಪ್ಪಿಸೋಣ. ಮೀನಿಲ್ಲದ ಮೀನಿನ ತೊಟ್ಟಿಯನ್ನು ಕಂಡು ಅತಿಥಿಗಳು ನಕ್ಕರೆ ನಗಲಿ. ರಜೆಯಲ್ಲಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಆರಿದಷ್ಟು ನೀರು ತುಂಬಿ, ಪರೀಕ್ಷೆ ಮಾಡಿ ಬರೆದಿಡುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ. ನಡುವಿನ ದಿನಗಳಲ್ಲಿ ಆ ಚಿಟಿಕೆ ಆಹಾರವನ್ನು ಹಾಕಲು ವಾಚನಾಲಯದ ಅಟೆಂಡರ್ ಒಪ್ಪಿದ್ದಾರೆ. ಕಾಲೇಜು ಮರಳಿ ತೆರೆದ ಮೇಲೆ ನಮ್ಮ ಕಿರಿಯರು ಮೀನು ತಂದು ಬಿಡಲಿ. ಅದಕ್ಕೆಂದು ಚಂದಾ ಹಣದಲ್ಲಿ ಇನ್ನೂರು ರೂಪಾಯಿಗಳನ್ನು ಎತ್ತಿಟ್ಟಿದ್ದೇವೆ.