ದಾರಕ್ಕಷ್ಟೇ ಅಲ್ಲ, ಕೈಗೂ ಬೆಲೆ ಇದೆ (ಭಾಗ 4)

ಫೋಟೋದಲ್ಲಿರೋ ಪೆನ್ಸಿಲ್ ಬರೆಯಲ್ಲ, ಅದು ಬುಕ್‌ಮಾರ್ಕ್! ಹಳದಿ ಮೈ, ಗುಲಾಬಿ ರಬ್ಬರ್, ಕಪ್ಪು ಮೊನೆ. ಸೆಪ್ಟೆಂಬರ್ 5ಕ್ಕೆ, ಶಿಕ್ಷಕರ ದಿನಕ್ಕೆ, ನನ್ನ ಪ್ರೈಮರಿ ಸ್ಕೂಲ್ ಮಿಸ್‌ಗೆ ಅಂತ ಕ್ರೋಶಾದಲ್ಲಿ ಹಾಕಿದ್ದು. ಉಲ್ಲನ್ ಬೇಡ ಅಂತ ತೆಳು ಕಾಟನ್ ದಾರ ತಗೊಂಡೆ. ದಪ್ಪ ಆದ್ರೆ ಪುಸ್ತಕ ಸರಿಯಾಗಿ ಮುಚ್ಚಲ್ಲ.

ಸ್ಟೋರಿ ಹಾಕಿದ್ಮೇಲೆ ಕ್ಲಾಸಿನವರದ್ದು ಒಂದೇ ಮಾತು: "ನಮಗೂ ಹತ್ತು ಮಾಡ್ಕೊಡೇ, ದಾರದ ದುಡ್ಡು ಕೊಡ್ತೀವಿ."

ದಾರದ ದುಡ್ಡು 15 ರೂಪಾಯಿ. ಹಾಕೋಕೆ ಒಂದೂವರೆ ಗಂಟೆ. ಆ ಹೊತ್ತು ಲೆಕ್ಕಕ್ಕಿಲ್ವಾ? ಪ್ರೈಮ್ ಕಾಸ್ಟ್‌ನಲ್ಲಿ ಮೆಟೀರಿಯಲ್ ಜೊತೆ ಲೇಬರ್ ಕೂಡ ಸೇರುತ್ತೆ ಅಂತ ಎಕ್ಸಾಮ್‌ನಲ್ಲಿ ಬರೀತೀವಿ, ಫ್ರೆಂಡ್ ಹತ್ರ ಕೇಳುವಾಗ ಮರೀತೀವಿ. ಸ್ವೆಟರ್ ಹೆಣೆಯೋಕೆ ಮಷೀನ್ ಇದೆ, ಕ್ರೋಶಾಗೆ ಇವತ್ತಿಗೂ ಕೈಯೇ ಬೇಕು. ಎಲ್ಲೋ ಅಗ್ಗಕ್ಕೆ ಸಿಕ್ಕಿದ್ರೆ, ಯಾರದೋ ಕೈಗೆ ಕೂಲಿ ಕಮ್ಮಿ ಸಿಕ್ಕಿದೆ ಅಂತಲೇ ಅರ್ಥ.

ನಂಗೆ ಕಲಿಸಿದ್ದು ಅಜ್ಜಿ. ಬಾಗಿಲ ತೋರಣ, ಟಿವಿ ಕವರ್ ಎಲ್ಲಾ ಹಾಕಿಸ್ಕೊಂಡು ನೆಂಟರು "ಚೆಂದ ಇದೆ" ಅಂದ್ರು. ಕೂಲಿ ಯಾರೂ ಕೊಡ್ಲಿಲ್ಲ, ಅಜ್ಜಿ ಕೇಳ್ಲೂ ಇಲ್ಲ.

ನಾನು ಕೇಳ್ತೀನಿ. ಮಿಸ್‌ಗೆ ಕೊಡೋದು ಗಿಫ್ಟ್, ಅದಕ್ಕೆ ಲೆಕ್ಕ ಇಲ್ಲ. ಆರ್ಡರ್ ಆದ್ರೆ ಒಂದಕ್ಕೆ 90: ದಾರಕ್ಕೆ 15, ಕೈಗೆ 75. ಜಾಸ್ತಿ ಅನ್ಸಿದ್ರೆ ಭಾನುವಾರ ಬನ್ನಿ, ಫ್ರೀಯಾಗಿ ಕಲಿಸ್ತೀನಿ. ನಿಮ್ಮ ಮಿಸ್‌ಗೆ ನೀವೇ ಹಾಕಿ ಕೊಡಿ. ಮೊದಲನೇದು ಸೊಟ್ಟಗೆ ಬಂದ್ರೂ ಅವರು ಇಟ್ಕೋತಾರೆ.