ಕೊಯ್ತದ ಗೆರೆ ಎಲ್ಲಿ ಬೀಳಬೇಕು

ಎಳೆಯ ಮಕ್ಕಳಿಗಾಗಿ ಚಿತ್ರಜೋಡಣೆಯ ಆಟಗಳನ್ನು ರಚಿಸುವವರು, ಆ ಆಟ ಮರದ ಹಲಗೆಯ ಮೇಲಿರಲಿ ಮೊಬೈಲಿನ ಪರದೆಯ ಮೇಲಿರಲಿ, ತಮ್ಮ ಕೌಶಲವನ್ನೆಲ್ಲ ಚಿತ್ರದ ಬಣ್ಣಕ್ಕೂ ಕೊನೆಯಲ್ಲಿ ಮೊಳಗುವ ಚಪ್ಪಾಳೆಗೂ ವ್ಯಯಿಸಿ, ಚಿತ್ರವನ್ನು ಎಲ್ಲೆಲ್ಲಿ ಕೊಯ್ಯಬೇಕೆಂಬ ಪ್ರಶ್ನೆಯನ್ನು ಯಂತ್ರದ ಅಚ್ಚಿಗೆ ಒಪ್ಪಿಸಿ ಸುಮ್ಮನಾಗುತ್ತಿರುವುದನ್ನು ಕಂಡರೆ, ಈ ಆಟದ ಹುಟ್ಟನ್ನೇ ಅವರು ಮರೆತಿರುವಂತೆ ತೋರುತ್ತದೆ. 1760ರ ದಶಕದಲ್ಲಿ ಲಂಡನ್ನಿನ ನಕ್ಷೆಗಾರನಾದ ಜಾನ್ ಸ್ಪಿಲ್ಸ್‌ಬರಿಯು ಭೂಪಟಗಳನ್ನು ಮಹಾಗನಿ ಮರದ ತೆಳುಹಲಗೆಗೆ ಅಂಟಿಸಿ, ದೇಶದೇಶಗಳ ಗಡಿರೇಖೆಯನ್ನೇ ಅನುಸರಿಸಿ ಗರಗಸವಾಡಿಸಿದನು. ಅದನ್ನು ಬಿಡಿಸಿ ಮತ್ತೆ ಕೂಡಿಸುವ ಬಾಲಕನು ಫ್ರಾನ್ಸು ಸ್ಪೇನಿಗೆ ಎಲ್ಲಿ ತಾಗುತ್ತದೆಂಬುದನ್ನು ಬೆರಳ ತುದಿಯಿಂದಲೇ ಅರಿಯುತ್ತಿದ್ದನು. ಪಾಠವೆಲ್ಲ ಆ ಕೊಯ್ತದ ಗೆರೆಯಲ್ಲಿಯೇ ಅಡಗಿದ್ದಿತು.

ಇಂದಿನ ಕಾರ್ಖಾನೆಯ ಅಚ್ಚಿಗೆ ಈ ವಿವೇಕ ಬೇಕಿಲ್ಲ. ಆನೆಯಾಗಲಿ ರೈಲಾಗಲಿ ಸೇಬಾಗಲಿ, ಎಲ್ಲದರ ಮೇಲೂ ಅದೇ ಡೊಂಕುಗೆರೆಗಳ ಜಾಲ ಬಂದು ಬೀಳುತ್ತದೆ. ಆನೆಯ ಕಣ್ಣು ಎರಡು ಹೋಳಾಗುತ್ತದೆ, ಸೊಂಡಿಲ ತುದಿ ಕಾಲಿನ ತುಣುಕಿಗೆ ಸೇರುತ್ತದೆ, ಹಿಂದಿನ ನೀಲಿ ಆಕಾಶವೊಂದೇ ನಾಲ್ಕು ತುಣುಕುಗಳನ್ನು ನುಂಗುತ್ತದೆ. ಹಿರಿಯರ ಕಾಲಕ್ಷೇಪಕ್ಕೆ ಇದು ಸಾಕು. ಮೂರು ವರ್ಷದ ಮಗುವಾದರೋ ಆನೆಯೆಂದರೆ ಏನೆಂಬುದನ್ನೇ ಇನ್ನೂ ಕೂಡಿಸಿಕೊಳ್ಳುತ್ತಿರುವುದರಿಂದ, ಅದರ ಕೈಗೆ ಬರುವ ಪ್ರತಿಯೊಂದು ತುಣುಕೂ ಹೆಸರಿಟ್ಟು ಕರೆಯಬಹುದಾದ ಒಂದು ಅವಯವವಾಗಿರತಕ್ಕದ್ದು.

ಈ ಮಾತನ್ನು ನಾನು ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಸಾಯಗಾಂವದಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ. ಮಹಾರಾಷ್ಟ್ರದ ಗಡಿಗೆ ಸಮೀಪವಾದ ಈ ಸೀಮೆಯಲ್ಲಿ ಒಂದೇ ಅಂಗನವಾಡಿಯ ಚಾಪೆಯ ಮೇಲೆ ಕನ್ನಡದ ಮನೆಯ ಕೂಸೂ ಮರಾಠಿಯ ಮನೆಯ ಕೂಸೂ ಉರ್ದುವಿನ ಮನೆಯ ಕೂಸೂ ಮಗ್ಗುಲಲ್ಲಿ ಮಗ್ಗುಲಾಗಿ ಕುಳಿತಿರುವುದುಂಟು. ಅವರ ಮುಂದೆ ದನದ ಚಿತ್ರವನ್ನು ಬಿಡಿಸಿ ಹರಡಿದರೆ, ಒಬ್ಬಳು ಬಾಲವೆನ್ನುವಳು, ಇನ್ನೊಬ್ಬನು ಶೇಪಟಿಯೆನ್ನುವನು, ಮತ್ತೊಬ್ಬನು ದುಮ್ ಎನ್ನುವನು. ಮೂವರ ಕೈಯೂ ಹೋಗುವುದು ಅದೇ ತುಣುಕಿಗೆ. ಯಾವ ಭಾಷೆಯ ಅಪ್ಪಣೆಗೂ ಕಾಯದೆ ಆರಂಭಿಸಬಹುದಾದ ಇಂಥ ಉಪಕರಣ ಗಡಿಯ ಊರುಗಳಿಗೆ ಎಷ್ಟು ಅಗತ್ಯವೆಂಬುದನ್ನು ಬೆಂಗಳೂರಿನಲ್ಲಿ ಕುಳಿತು ಊಹಿಸುವುದು ಕಷ್ಟ. ಆದುದರಿಂದಲೇ ತುಣುಕುಗಳ ಮೇಲೆ ಅಕ್ಷರವನ್ನು ಅಚ್ಚೊತ್ತುವ ಆತುರವನ್ನು ನಾನು ಒಪ್ಪಲಾರೆ. ಕೈ ತುಣುಕನ್ನು ಅದರ ಮನೆಗೆ ಸೇರಿಸಿದ ಮೇಲೆ, ಮಗ್ಗುಲಿನ ಗೆಳತಿಯ ಮಾತು ತಾನಾಗಿಯೇ ಕಿವಿಗೆ ಬೀಳುವುದು.

ಯಾವ ದನದ ಚಿತ್ರ? ಅಂಗಡಿಯ ಡಬ್ಬಿಗಳಲ್ಲಿ ಕಾಣುವುದು ಹಸುರು ಹುಲ್ಲಿನ ಮೇಲೆ ನಿಂತ, ಇಣಿಯೇ ಇಲ್ಲದ ವಿಲಾಯತಿ ಹಸು. ಬೀದರಿನ ಹೊಲಗಳಲ್ಲಿ ದೇವಣಿ ತಳಿಯ ಎತ್ತು ಆಕಳುಗಳಿವೆ. ಲಾತೂರು ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ ಈ ತಳಿಯಲ್ಲಿ ಮೂರು ಬಗೆಗಳನ್ನು ಬಲ್ಲವರು ಗುರುತಿಸುತ್ತಾರೆ. ಬಾಲಂಕ್ಯಾ ಮೈಯೆಲ್ಲ ಬಿಳುಪು. ವಾನೇರಾ ಮೈ ಬಿಳುಪಾಗಿದ್ದು ಮುಖದ ಪಕ್ಕ ಮಾತ್ರ ಕಪ್ಪು. ಶೇವರಾ ಬಿಳಿಯ ಮೈತುಂಬ ಕ್ರಮವಿಲ್ಲದ ಕಪ್ಪು ಮಚ್ಚೆ. ಆಟವನ್ನು ರಚಿಸುವವನಿಗೆ ಇದಕ್ಕಿಂತ ಮಿಗಿಲಾದ ಸೋಪಾನವನ್ನು ಯಾರು ಕಟ್ಟಿಕೊಡಬಲ್ಲರು? ಮೊದಲು ವಾನೇರಾ: ಮುಖ, ಇಣಿ, ಒಡಲು, ಕಾಲು, ಬಾಲವೆಂದು ಐದೇ ತುಣುಕು, ಕೊರಳು ಹೆಗಲಿಗೆ ಕೂಡುವ ಸಂದಿಯಲ್ಲಿಯೇ ಕೊಯ್ತ, ಕಪ್ಪು ಮುಖವು ಯಾವ ಕಡೆಗೆ ಹೋಗಬೇಕೆಂಬುದು ಎಂಥ ಕೂಸಿಗೂ ತಿಳಿಯುವುದು. ಅನಂತರ ಶೇವರಾ: ಇಲ್ಲಿ ಕೊಯ್ತದ ಗೆರೆ ಬೇಕೆಂದೇ ಮಚ್ಚೆಗಳನ್ನು ಸೀಳಿಕೊಂಡು ಹೋಗಬೇಕು, ಆಗ ಅರ್ಧ ಮಚ್ಚೆಯನ್ನು ಹಿಡಿದ ಮಗು ಉಳಿದರ್ಧವನ್ನು ಅರಸತೊಡಗುವುದು. ಕಟ್ಟಕಡೆಗೆ ಬಾಲಂಕ್ಯಾ: ಬಣ್ಣವು ಯಾವ ನೆರವನ್ನೂ ಕೊಡದೆ, ಅಂಚಿನ ಉಬ್ಬುತಗ್ಗುಗಳನ್ನೇ ನಂಬಿ ಜೋಡಿಸಬೇಕಾದ ಪ್ರೌಢ ಪರೀಕ್ಷೆ. ತುಣುಕುಗಳ ಸಂಖ್ಯೆಯನ್ನು ಏರಿಸುವುದೊಂದೇ ಕಾಠಿನ್ಯವನ್ನು ಏರಿಸುವ ಮಾರ್ಗವೆಂದು ಎಣಿಸಿರುವ ತಯಾರಕರು ನಮ್ಮ ದನದ ಕೊಟ್ಟಿಗೆಗೆ ಒಮ್ಮೆ ಬಂದು ಹೋಗುವುದು ಒಳ್ಳೆಯದು.

ಇನ್ನು ತಪ್ಪಿನ ವಿಚಾರ. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸೊರಿಯವರು, 1939ರಲ್ಲಿ ಭಾರತಕ್ಕೆ ಬಂದು ಅಡ್ಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ವರ್ಷಗಟ್ಟಲೆ ನೆಲೆಸಿದವರು, ತಮ್ಮ ಉಪಕರಣಗಳಲ್ಲಿ ಬಯಸಿದ ಮುಖ್ಯ ಗುಣವೆಂದರೆ ತಪ್ಪನ್ನು ವಸ್ತುವೇ ತೋರಿಸಿಕೊಡಬೇಕೆಂಬುದು. ದಪ್ಪ ಗೂಟ ಕಿರಿದಾದ ಗುಳಿಗೆ ಇಳಿಯದು, ಕಿರಿದಾದದ್ದು ದೊಡ್ಡ ಗುಳಿಯಲ್ಲಿ ಅಲ್ಲಾಡುವುದು. ಗದರುವುದಕ್ಕೂ ಹೊಗಳುವುದಕ್ಕೂ ಉಪಾಧ್ಯಾಯಿನಿ ಬೇಕಾಗುವುದಿಲ್ಲ. ಗೂಟದ ತಲೆಯ ಮೇಲಿರುವ, ಮೂರು ಬೆರಳಿನಿಂದ ಹಿಡಿಯತಕ್ಕ ಪುಟ್ಟ ಗುಬುಟು ಮುಂದೆ ಸೀಸದಕಡ್ಡಿಯನ್ನು ಹಿಡಿಯುವುದಕ್ಕೆ ಕೈಯನ್ನು ಪಳಗಿಸುವುದೂ ಹೌದು.

ಪರದೆಯ ಆಟವು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ತುಣುಕು ತನ್ನ ಮನೆಯ ಹತ್ತಿರ ಸುಳಿದರೆ ಸಾಕು, ಅದು ಛಂಗನೆ ಹಾರಿ ಕುಳಿತುಬಿಡುತ್ತದೆ. ನಕ್ಷತ್ರಗಳು ಉದುರುತ್ತವೆ, ಯಾರೋ ಇಂಗ್ಲಿಷಿನಲ್ಲಿ ಭೇಷ್ ಎನ್ನುತ್ತಾರೆ, ಮರುಕ್ಷಣವೇ ಜಾಹೀರಾತು ಬರುತ್ತದೆ. ಕಣ್ಣುಮುಚ್ಚಿ ಬೆರಳೆಳೆದರೂ ಗೆಲ್ಲುವ ಆಟದಲ್ಲಿ ಮಗು ಕಲಿಯುವುದು ಬೆರಳೆಳೆಯುವುದನ್ನು ಮಾತ್ರ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದು, ಕಡಿಮೆಯಾದಷ್ಟೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು. ಆದರೂ ಅಪ್ಪನ ಮೊಬೈಲು ಹೊಲಕ್ಕೂ ಬಂದಿರುವ ಕಾಲದಲ್ಲಿ ಪರದೆಯನ್ನೇ ನಿಷೇಧಿಸೋಣವೆಂಬ ಮಾತು ಗಾಳಿಗೆ ಗುದ್ದಿದಂತೆ. ಅದರ ಬದಲು, ಪರದೆಯ ತುಣುಕು ಬೆರಳು ಬಿಟ್ಟಲ್ಲಿಯೇ ನಿಲ್ಲಲಿ, ತಪ್ಪಿದ್ದರೆ ಸಂದು ಕಣ್ಣಿಗೆ ಕಾಣುವಂತೆ ಉಳಿಯಲಿ. ಅಡ್ಡಾದ ತುಣುಕನ್ನು ತಿರುಗಿಸಿಯೇ ಕೂರಿಸಬೇಕಾಗಲಿ. ಗಡಿಯಾರವೂ ಅಂಕವೂ ಬೇಡ. ಎತ್ತು ಪೂರ್ಣವಾದಾಗ ಒಮ್ಮೆ ಅಂಬಾ ಎಂದರೆ ಯಾರಿಗೂ ನಷ್ಟವಿಲ್ಲ, ಅಷ್ಟು ರಿಯಾಯಿತಿಯನ್ನು ನಾನೂ ಕೊಡಬಲ್ಲೆ.

ಶಾಲೆಯ ದೊಡ್ಡ ಮಕ್ಕಳಿಗಾದರೆ ಸ್ಪಿಲ್ಸ್‌ಬರಿಯ ಗರಗಸವನ್ನೇ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಬೀದರಿನಷ್ಟು ಯೋಗ್ಯವಾದ ನಕ್ಷೆ ದುರ್ಲಭ. ಹೈದರಾಬಾದ್ ಸಂಸ್ಥಾನದ ಹಳೆಯ ಬೀದರ ಜಿಲ್ಲೆಯನ್ನು 1956ರ ನವೆಂಬರ್ 1ರಂದು ಮೂರು ರಾಜ್ಯಗಳು ಹಂಚಿಕೊಂಡವು: ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಕ್ಕೂ ಹೋಗಿ, ಭಾಲ್ಕಿ ಔರಾದಗಳೊಡನೆ ಉಳಿದ ಭಾಗ ಮೈಸೂರಿಗೆ ಬಂದಿತು. ಸೋದರತ್ತೆಯ ಮನೆ ಉದಗೀರದಲ್ಲಿರುವ ಸಾಯಗಾಂವದ ಹುಡುಗಿ ಆ ತುಣುಕನ್ನು ತೆಗೆದು, ಮತ್ತೆ ಇಟ್ಟು, ಜಾತ್ರೆಗೆ ತಾನು ಹೋಗಿಬರುವ ದಾರಿ ಯಾವ ಕೊಯ್ತವನ್ನು ದಾಟುತ್ತದೆಂದು ತೋರಿಸಿದರೆ, ಸಮಾಜ ಪಾಠದ ಎಷ್ಟೋ ಪುಟಗಳ ಕೆಲಸ ಅಲ್ಲಿಗೇ ಆಗುವುದು.

ಇವನ್ನೆಲ್ಲ ಮಾಡುವವರು ಯಾರು? ಎನ್‌ಸಿಇಆರ್‌ಟಿಯು 2023ರ ಫೆಬ್ರವರಿಯಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ‘ಜಾದೂಯಿ ಪಿಟಾರಾ’ ಎಂಬ ಆಟಿಕೆಯ ಪೆಟ್ಟಿಗೆಯನ್ನು ಹೊರತಂದಿತು. ಉದ್ದೇಶ ಸ್ತುತ್ಯವಾದುದು, ಆದರೆ ಸಾಯಗಾಂವದ ಪೆಟ್ಟಿಗೆಯೊಳಗೆ ಏನಿರಬೇಕೆಂಬುದನ್ನು ಬೀದರಿನವರೇ ನಿರ್ಣಯಿಸಬೇಕು. ಚನ್ನಪಟ್ಟಣದ ಮರದ ಆಟಿಕೆಗಳ ಕೀರ್ತಿ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಚರಕಿಯ ಮೇಲೆ ತಿರುಗುವ ಮರ ಗುಂಡಗಿನ ರೂಪಕ್ಕೆ ಒಲಿಯುತ್ತದೆ, ಚಪ್ಪಟೆ ಹಲಗೆಗಲ್ಲ. ಬೀದರಿನಲ್ಲಾದರೋ ಹೋಳನ್ನು ಗುಳಿಗೆ ಕೂರಿಸುವ ವಿದ್ಯೆಗೆ ಶತಮಾನಗಳ ಬೆನ್ನಿದೆ. ಕೋಟೆಯ ರಂಗೀನ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪಿನ ಹೋಳುಗಳು ಕುಳಿತಿವೆ. ಬಿದ್ರಿಯ ಕುಶಲಕರ್ಮಿ ಸತುವಿನ ಪಾತ್ರೆಯ ಮೇಲೆ ಉಳಿಯಿಂದ ಕೊರೆದ ಗೆರೆಯೊಳಕ್ಕೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವಾಗ, ಗುಳಿ ಕೂದಲೆಳೆಯಷ್ಟು ಹಿಗ್ಗಿದರೂ ಬೆಳ್ಳಿ ನಿಲ್ಲದು. ಆ ಕಣ್ಣಳತೆ ಬಡಗಿಯ ಸಣ್ಣ ಗರಗಸಕ್ಕೂ ಬೇಕು: ಅಲಗಿನ ದಪ್ಪದಷ್ಟು ಮರ ಪುಡಿಯಾಗಿ ಹೋಗುವುದರಿಂದ, ದಪ್ಪ ಅಲಗು ಹಿಡಿದರೆ ತುಣುಕುಗಳು ಸಡಿಲವಾಗಿ, ಸರಿಗೂ ತಪ್ಪಿಗೂ ಅಂತರವೇ ಉಳಿಯದು. ಅಂಚನ್ನು ಮರಳುಕಾಗದದಿಂದ ತಿಕ್ಕಬೇಕು, ಬಣ್ಣ ಬಾಯಿಗೆ ಹೋದರೂ ಕೇಡಾಗಬಾರದು, ಯಾವ ತುಣುಕೂ ಕೂಸಿನ ಗಂಟಲಿಗಿಳಿಯುವಷ್ಟು ಚಿಕ್ಕದಿರಬಾರದು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಬಿಐಎಸ್ ಗುರುತು ಕಡ್ಡಾಯವಾದಾಗ, ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ವಿನಾಯಿತಿ ದೊರೆಯಿತು. ಆದುದರಿಂದ ಭಾಲ್ಕಿಯ ಬಡಗಿ ಮೊದಲು ಅಲ್ಲಿ ಹೆಸರು ಬರೆಸಿಕೊಳ್ಳಲಿ. ಖರ್ಚಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ.

ಹಾಗೆ ಕೆಲಸವನ್ನು ಒಪ್ಪಿಸುವಾಗ ಕರಾರಿನಲ್ಲಿ ಒಂದು ಸಾಲು ತಪ್ಪದೆ ಇರಬೇಕು. ಎತ್ತಿನ ಒಂದು ಕಾಲು ಕಳೆದುಹೋದೊಡನೆ ಕಾರ್ಖಾನೆಯ ಡಬ್ಬಿ ಇಡಿಯಾಗಿ ನಿಷ್ಪ್ರಯೋಜಕವಾಗಿ ಅಟ್ಟ ಸೇರುವುದು. ಮಕ್ಕಳಿರುವಲ್ಲಿ ಕಾಲು ಕಳೆಯದಿರುವುದು ಅಸಂಭವ. ನಕಾಸೆಯ ಪ್ರತಿಯನ್ನು ಬಡಗಿ ತನ್ನಲ್ಲಿ ಇಟ್ಟುಕೊಂಡು, ಅಂಗನವಾಡಿಯಿಂದ ಚೀಟಿ ಬಂದರೆ ಆ ಒಂದೇ ತುಣುಕನ್ನು ವಾರದೊಳಗೆ ಕೊಯ್ದು ಕೊಡತಕ್ಕದ್ದು, ಅದರ ಕೂಲಿಯನ್ನು ಮೊದಲ ಬೆಲೆಯಲ್ಲಿಯೇ ಸೇರಿಸತಕ್ಕದ್ದು.