ಸಿದ್ದಕಟ್ಟೆಗೆ ಹೋಗಲು ಮುಂಬೈ ಸುತ್ತಬೇಕೇ?

ಬಂಟ್ವಾಳದಿಂದ ಮೂಡುಬಿದಿರೆಗೆ ಸಿದ್ದಕಟ್ಟೆ ದಾರಿ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ವೇಣೂರು ದಾರಿ. ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಪುಂಜಾಲಕಟ್ಟೆ ದಾರಿ. ಮಂಗಳೂರಿಗೆ ಇಳಿಯದೆಯೇ ಮೂರೂ ಊರಿನವರು ಓಡಾಡಬಹುದು. ನಮ್ಮ ಫೋನಿನ ಡೇಟಾಕ್ಕೆ ಹೀಗೆ ಒಳದಾರಿ ಹಿಡಿಯುವುದು ಸುಲಭವಲ್ಲ.

ಬಂಟ್ವಾಳದ ಮನೆಯಲ್ಲಿ ಒಂದು ಕಂಪನಿಯ ಇಂಟರ್‌ನೆಟ್, ಬೆಳ್ತಂಗಡಿಯ ಮನೆಯಲ್ಲಿ ಇನ್ನೊಂದು ಕಂಪನಿಯದ್ದು ಎಂದಿಟ್ಟುಕೊಳ್ಳಿ. ಎರಡೂ ಜಾಲಗಳು ಎಲ್ಲಿ ಕೂಡುತ್ತವೆಯೋ ಅಲ್ಲಿಯೇ ಡೇಟಾ ದಾಟಬೇಕು. ಅವು ಕೂಡುವ ಜಾಗ ಬೆಂಗಳೂರು, ಚೆನ್ನೈ ಅಥವಾ ಮುಂಬೈಯಾದರೆ ಪಕ್ಕದ ತಾಲೂಕಿಗೆ ಕಳುಹಿಸಿದ್ದೂ ಅಲ್ಲಿಯವರೆಗೆ ಹೋಗಿ ವಾಪಸ್ ಬರಬೇಕು.

ಜಾಲಗಳು ಹೀಗೆ ಕೂಡುವ ಸಾರ್ವಜನಿಕ ಜಾಗವೇ ಇಂಟರ್‌ನೆಟ್ ಎಕ್ಸ್‌ಚೇಂಜ್. ಬಿ.ಸಿ.ರೋಡಿನ ಬಸ್ ನಿಲ್ದಾಣ ನೆನಪಿಸಿಕೊಳ್ಳಿ. ಪ್ರತಿ ಬಸ್ಸಿನ ಮಾಲೀಕ ಉಳಿದ ಪ್ರತಿಯೊಬ್ಬರ ಜೊತೆ ಬೇರೆ ಬೇರೆ ನಿಲ್ದಾಣ ಕಟ್ಟಿಸುವುದಿಲ್ಲ. ಎಲ್ಲರೂ ಒಂದೇ ಕಡೆ ಬರುತ್ತಾರೆ, ಜನ ಇಳಿದು ಬಸ್ ಬದಲಿಸುತ್ತಾರೆ. ಹತ್ತು ಕಂಪನಿಗಳು ಒಬ್ಬರಿಗೊಬ್ಬರು ನೇರ ತಂತಿ ಎಳೆದರೆ 45 ತಂತಿ ಬೇಕು. ಎಕ್ಸ್‌ಚೇಂಜಿನ ಸ್ವಿಚ್ಚಿಗೆ ಸೇರಿಸಿದರೆ 10 ಸಾಕು.

ಭಾರತದಲ್ಲಿ ಈ ಕೆಲಸಕ್ಕೆಂದು 2003ರಲ್ಲಿ ನಿಕ್ಸಿ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅಲ್ಲಿಯವರೆಗೆ ದೇಶದ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವ ಡೇಟಾ ಎಷ್ಟೋ ಸಲ ಅಮೆರಿಕ ಸುತ್ತಿ ಬರುತ್ತಿತ್ತು. ಅದಕ್ಕೆ ಡಾಲರಿನಲ್ಲಿ ಬಾಡಿಗೆ ಬೇರೆ. ನೋಯಿಡಾ, ಮುಂಬೈ, ಚೆನ್ನೈ, ಕೋಲ್ಕತ್ತಾದಲ್ಲಿ ಮೊದಲ ಎಕ್ಸ್‌ಚೇಂಜುಗಳು ಬಂದವು. ಬೆಂಗಳೂರು ಆಮೇಲೆ.

ಎಕ್ಸ್‌ಚೇಂಜ್ ತೆರೆದರೆ ಸಾಲದು, ದೊಡ್ಡವರು ಅಲ್ಲಿಗೆ ಬರಬೇಕು. ದೊಡ್ಡ ಕಂಪನಿಗಳು ತಮ್ಮತಮ್ಮೊಳಗೆ ಖಾಸಗಿಯಾಗಿ ಕೂಡಿಕೊಳ್ಳುತ್ತವೆ. ಊರಿನ ಸಣ್ಣ ಕೇಬಲ್ ಇಂಟರ್‌ನೆಟ್‌ನವರು ಅವರಿಂದಲೇ ಬ್ಯಾಂಡ್‌ವಿಡ್ತ್ ಕೊಳ್ಳಬೇಕು, ಅದೇ ಬೀದಿಯಲ್ಲಿ ಅವರ ಜೊತೆಗೇ ಪೈಪೋಟಿಯನ್ನೂ ಮಾಡಬೇಕು. ಆ ಖರ್ಚು ಕೊನೆಗೆ ಬರುವುದು ನಮ್ಮ ತಿಂಗಳ ಬಿಲ್ಲಿಗೆ.

ದೊಡ್ಡವರು ಅಡ್ಡ ನಿಲ್ಲುವುದು ಹೊಸತೇನಲ್ಲ. ಕೀನ್ಯಾದಲ್ಲಿ 2000ದ ಕೊನೆಗೆ ಸಣ್ಣ ಕಂಪನಿಗಳು ಸೇರಿ ಎಕ್ಸ್‌ಚೇಂಜ್ ಶುರು ಮಾಡಿದವು. ಅಲ್ಲಿನ ಸರ್ಕಾರಿ ದೂರವಾಣಿ ಕಂಪನಿ ದೂರು ಕೊಟ್ಟಿತು, ಕೆಲವೇ ದಿನಗಳಲ್ಲಿ ಬಾಗಿಲು ಬಿತ್ತು. ಪಟ್ಟು ಬಿಡದೆ ಹೋರಾಡಿದ ಮೇಲೆ 2002ರಲ್ಲಿ ಮತ್ತೆ ತೆರೆಯಿತು.

ದೂರದಿಂದ ಏನು ನಷ್ಟ ಎಂದು ಕೇಳಬಹುದು. ನಿಜ, ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈಗೆ ಹೋಗಿ ಬರಲು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಸಾಕು, ಅದು ನಮ್ಮ ಗಮನಕ್ಕೂ ಬಾರದು. ತೊಂದರೆ ಇರುವುದು ದಾರಿಯ ಜನಜಂಗುಳಿಯಲ್ಲಿ, ಬಾಡಿಗೆಯಲ್ಲಿ ಮತ್ತು ಮಳೆಗಾಲದಲ್ಲಿ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿಯುವುದು ನಮಗೆ ಗೊತ್ತೇ ಇದೆ. ಘಟ್ಟದ ಮೇಲಿನ ಕೇಬಲ್ ತುಂಡಾದರೆ ಕೆಳಗಿನ ಊರುಗಳು ತಮ್ಮತಮ್ಮೊಳಗೂ ಮೂಕವಾಗಬಾರದು. ಜಿಲ್ಲೆಯೊಳಗೇ ಜಾಲಗಳು ಕೂಡಿದರೆ, ಜನ ಹೆಚ್ಚು ನೋಡುವ ವಿಡಿಯೊಗಳ ಪ್ರತಿ ಇಟ್ಟುಕೊಳ್ಳುವ ಯಂತ್ರಗಳನ್ನೂ ಅಲ್ಲೇ ಇಡಬಹುದು. ಆಗ ಘಟ್ಟ ಹತ್ತಬೇಕಾದ ಡೇಟಾವೇ ಕಡಿಮೆಯಾಗುತ್ತದೆ.

ಇದರಿಂದ ಎಲ್ಲವೂ ಸರಿಯಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಕರೆಂಟು ಹೋದ ಕೂಡಲೇ ಸಾಯುವ ಟವರಿಗೆ ಎಕ್ಸ್‌ಚೇಂಜ್ ಮದ್ದಲ್ಲ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಮಕ್ಕಳಿಗೆ ಮೊದಲು ಬೇಕಾದದ್ದು ಟವರು. ಆದರೆ ಟವರಿಗಾಗಿ ಮನವಿ ಕೊಡುವ ನಾವು, ಆ ಟವರಿನ ಹಿಂದಿನ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದೇ ಇಲ್ಲ.

ಇನ್ನು ಮುಂದೆ ಕೇಳೋಣ. ಜನಪ್ರತಿನಿಧಿಗಳು ಇಂಟರ್‌ನೆಟ್ ಬಗ್ಗೆ ಭರವಸೆ ಕೊಟ್ಟಾಗ, ಕರಾವಳಿಯ ಜಾಲಗಳು ಕರಾವಳಿಯಲ್ಲೇ ಕೂಡಲು ಏನು ಮಾಡುತ್ತೀರಿ, ದೊಡ್ಡ ಕಂಪನಿಗಳನ್ನು ಅಲ್ಲಿಗೆ ಹೇಗೆ ಕರೆತರುತ್ತೀರಿ ಎಂದು ಕೇಳೋಣ. ಮನೆಗೆ ಕನೆಕ್ಷನ್ ಹಾಕಲು ಬಂದವರಿಗೆ ಒಂದೇ ಪ್ರಶ್ನೆ ಸಾಕು: "ನಿಮ್ಮ ಕಂಪನಿ ಯಾವ ಎಕ್ಸ್‌ಚೇಂಜಿಗೆ ಸೇರಿದೆ, ಅದು ಎಲ್ಲಿದೆ?" ಉತ್ತರ ಗೊತ್ತಿಲ್ಲದಿದ್ದರೆ ಆಫೀಸಿನಲ್ಲಿ ಕೇಳಿ ಹೇಳಲಿ. ದುಡ್ಡು ಕೊಡುವವರು ನಾವು.